ಪ್ರಭುರಾಜನ ಮೊದಲ ಮುಳುಗು

ಹಿತ್ತಿಲಲ್ಲಿ ಈಜುಗೊಳ ಕಟ್ಟಿಸಿ, ನೀರು ತುಂಬಿಸಿ ವಾರವಾಗಿತ್ತು. ಆದರೆ ಪ್ರಭುರಾಜ ಅದರಲ್ಲಿ ಇನ್ನೂ ಕಾಲು ಸಹ ನೆನೆಸಿರಲಿಲ್ಲ. ಹೆಂಡತಿ ಶಿವಲೀಲಾಳ ಅಪ್ಪಣೆ ಹಾಗಿತ್ತು.

"ಸುತ್ತ ಸರಳಿನ ಕಟಾಂಜನ ಆಗೂತನಕ ಮಕ್ಕಳೂ ಇಳಿಯಂಗಿಲ್ಲ, ಮಕ್ಕಳ ಅಪ್ಪನೂ ಇಳಿಯಂಗಿಲ್ಲ. ನೀವು ಇಳದ್ರ ಹಿಂದ ಅವೂ ಹಾರ್ತಾವು. ಇವತ್ತು ಸಂಜಿಯೊಳಗ ಆಗಲಿಲ್ಲಂದ್ರ ನಾಳೆ ಎರಿಮಣ್ಣು ತುಂಬಿಸಿ ಬದನಿ ಹಚ್ತೀನಿ," ಎಂದು ಹೇಳಿ ಅವಳು ಕೊಪ್ಪಳದ ಬಸ್ಸು ಹತ್ತಿದಳು.

ಗಿಣಿಗೇರಾದ ಬಿಸಿಲಿನಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಆ ನೀರನ್ನು ಬರೀ ನೋಡುತ್ತ ಕೂಡುವುದೆಂದರೆ ಜಿಲೇಬಿ ಅಂಗಡಿಯ ಮುಂದೆ ಉಪವಾಸ ಕೂತಂತೆ. ಇವತ್ತು ಇಳಿದೇ ಸೈ ಎಂದು ಪ್ರಭುರಾಜ ರಜೆ ಹಾಕಿ, ವೆಲ್ಡಿಂಗ್ ಮಾಡುವ ಹೈದರಸಾಬನನ್ನು ಕರೆಸಿದ. ಟವೆಲು ಬೆಳಗ್ಗೆಯೇ ಹೆಗಲೇರಿತ್ತು.

ಮಧ್ಯಾಹ್ನದ ಹೊತ್ತಿಗೆ ಮೂರು ಬದಿಗೆ ಕಬ್ಬಿಣದ ಸರಳು ನಿಂತವು. ಮನೆಯ ಕಡೆಗೆ ಒಬ್ಬರು ಹಾಯುವಷ್ಟೇ ಅಗಲದ, ತಾನಾಗಿ ಮುಚ್ಚಿಕೊಳ್ಳುವ ಗೇಟು. ಹಿಂದಿನ ಓಣಿಯ ಬದಿ ಮಾತ್ರ ಬಾಕಿ. ಗೇಟು ನೋಡಲು ಅಕ್ಕಪಕ್ಕದವರೆಲ್ಲ ನೆರೆದರು.

"ಅಗಳಿ ಭಾಳ ಕೆಳಗಾತು. ನನ್ನ ಮೊಮ್ಮಗನೂ ತೆಗಿತಾನ," ಎಂದಳು ಎದುರುಮನೆಯ ದಾವಲಬೀ. ಮೊಮ್ಮಗ ತೆಗೆದೇ ಬಿಟ್ಟ. ಹೈದರಸಾಬ ಅಗಳಿಯನ್ನು ಒಂದು ಗೇಣು ಮೇಲೇರಿಸಿದ. ಪ್ರಭುರಾಜನ ಮಗಳು ಅಣ್ಣನ ಹೆಗಲು ಹತ್ತಿ ತೆಗೆದಳು. ಮತ್ತೊಂದು ಗೇಣು. ಕೊನೆಗೆ ಅದು ಎಷ್ಟು ಮೇಲೆ ಹೋಯಿತೆಂದರೆ, ತುದಿಗಾಲಲ್ಲಿ ನಿಂತ ಪ್ರಭುರಾಜನೇ ಗಿಡದಿಂದ ಮಾವಿನಕಾಯಿ ಕದಿಯುವವನಂತೆ ಕಂಡ. ಮಕ್ಕಳು ಸೋತವು.

ಎಲ್ಲರೂ ಮನೆಯೊಳಗೆ ಕೂತು ಚಹಾ ಕುಡಿಯುವಾಗ ಹೈದರಸಾಬ ಹಿಂದಿನ ಬದಿಯನ್ನೂ ಮುಚ್ಚಿ ಬಂದ. "ಮುಗೀತ್ರಿ ಸಾಹೇಬ್ರ. ಇನ್ನ ಇರುವಿ ಸೈತ ಒಳಗ ಹೋಗಂಗಿಲ್ಲ."

ಪ್ರಭುರಾಜ ಗೇಟು ದಾಟಿದವನೇ ಕಣ್ಣು ಮುಚ್ಚಿ ಗಂಗೆಗೆ ಕೈಮುಗಿಯುತ್ತ ನೀರಿಗಿಳಿದ. ಆಹಾ, ಎದೆಮಟ್ಟದ ತಂಪು! ಹಾಗೇ ಹಿಂದಕ್ಕೆ ಒರಗಿದ. ಒರಗಿದ್ದು ಮೆತ್ತಗಿತ್ತು. ಬೆಚ್ಚಗಿತ್ತು. ಉಸಿರಾಡುತ್ತಿತ್ತು.

"ಯವ್ವಾ!"

ಎಲ್ಲರೂ ಓಡಿ ಬಂದರು. ಬರೀ ಮೂಗು, ಕಣ್ಣು, ಕೊಂಬು ಮೇಲಿಟ್ಟು ಮುಳುಗಿದ್ದ ಎಮ್ಮೆಯೊಂದು, ಕೇಳದೆ ಒಳಗೆ ಬಂದವನನ್ನು ನೋಡುವಂತೆ ಪ್ರಭುರಾಜನನ್ನು ನೋಡಿತು.

"ನಮ್ಮ ಗೌರಿ!" ಎಂದಳು ಪಕ್ಕದ ಮನೆಯ ಹುಲಗಮ್ಮ. "ಹೊಲದಿಂದ ಇನ್ನೂ ಬರಲಿಲ್ಲಲ್ಲ ಅಂತ ನಾ ಹಾದಿ ನೋಡಾಕತ್ತೀನಿ, ಇಕಿ ಇಲ್ಲಿ ಜಳಕ ಮಾಡಾಕತ್ತಾಳ ರಾಣಿಹಂಗ!"

"ಹೈದರಣ್ಣ, ಎಮ್ಮಿ ಒಳಗ ಇಟ್ಟು ಮುಚ್ಚೀಯಲ್ಲೋ! ಕಣ್ಣಿಗೆ ಕಾಣಲಿಲ್ಲೇನು?" ಎಂದ ಪ್ರಭುರಾಜ.

"ಕಂಡಿತ್ರಿ. ನಿಮ್ಮದ ಇರಬೇಕಂತ ಸುಮ್ನಾದೆ. ಎಮ್ಮಿಗಲ್ದ ಇಷ್ಟು ದೊಡ್ಡ ಹೊಂಡ ಮತ್ಯಾರಿಗೆ ಕಟ್ಟಸ್ತಾರ್ರಿ?"

ಸಣ್ಣ ಗೇಟಿನಲ್ಲಿ ಗೌರಿಯ ಕೊಂಬೂ ಹಾಯುವಂತಿರಲಿಲ್ಲ. ಹಿಂದಿನ ಸರಳು ಕೊಯ್ಯಬೇಕು. ಕೊಯ್ದರೆ ಸಂಜೆಗೆ ಕಟಾಂಜನವಿಲ್ಲ, ನಾಳೆ ಬದನೆ.

"ಹಾಲು ಹಿಂಡೂ ಹೊತ್ತಾತು, ಕೊಯ್ಯೋ ಹೈದರಾ!" ಎಂದಳು ಹುಲಗಮ್ಮ.

"ಮೊದಲ ನನ್ನ ಕೊಯ್ಯಿ!" ಎಂದು ಪ್ರಭುರಾಜ ಎರಡೂ ಕೈ ಚಾಚಿ ಸರಳಿಗೆ ಅಂಟಿಕೊಂಡ.

ಅಷ್ಟರಲ್ಲಿ ಶಿವಲೀಲಾ ಬಂದಳು. ಎಮ್ಮೆಯನ್ನು ನೋಡಿದಳು. ತೊಯ್ದು ತೊಪ್ಪೆಯಾಗಿದ್ದ ಗಂಡನನ್ನು ನೋಡಿದಳು. ಆಮೇಲೆ ಮಕ್ಕಳನ್ನು ನೋಡಿದಳು. ವಾರದಿಂದ ಬೈದರೂ ಬೇಡಿಕೊಂಡರೂ ನೀರಿನ ದಂಡೆ ಬಿಡದಿದ್ದ ಎರಡೂ ಅಡುಗೆಮನೆಯ ಹೊಸ್ತಿಲ ಮೇಲೆ ಕೈಕೈ ಹಿಡಿದು ಕೂತಿದ್ದವು.

"ಅವ್ವಾ, ಅದರ ಕೊಂಬು ನೋಡಿದಿ? ನಾವು ಅತ್ತಾಗ ಹೋಗಂಗಿಲ್ಲವಾ," ಎಂದಿತು ಸಣ್ಣದು.

ಶಿವಲೀಲಾ ಅದರ ತಲೆ ಸವರಿದಳು.

"ಹೈದರಣ್ಣ, ಸರಳು ಕೊಯ್ದು ಎಮ್ಮಿ ಹಾಯೂವಷ್ಟು ಗೇಟ್ ಕೂಡಸು. ಅದಕ್ಕೂ ಅಗಳಿ ಮ್ಯಾಲ ಇರಲಿ. ಹುಲಗಮ್ಮಕ್ಕ, ಬ್ಯಾಸಗಿ ಮುಗಿಯೂತನಕ ಗೌರಿನ್ನ ದಿನಾ ತಂದು ಬಿಡವಾ. ಈಕಿ ಇದ್ರ ಹುಡುಗರು ನೀರಿನ ಕಡೆ ಹಾಯಂಗಿಲ್ಲ. ಅವನ್ನ ನಾ ಎಷ್ಟಂತ ಕಾಯಲಿ? ಒಲಿ ಕಡೆ ತಿರುಗಿದ್ರ ನನಗ ಜೀವ ಇರತಿದ್ದಿಲ್ಲ."

"ಮತ್ತ ನಾ ಯಾವಾಗ ಇಳೀಲಿ?" ಎಂದ ಪ್ರಭುರಾಜ.

"ಅಕಿನ್ನ ಕೇಳ್ರಿ," ಎಂದು ಶಿವಲೀಲಾ ಕೈಚೀಲ ಹಿಡಿದು ಒಳಗೆ ನಡೆದಳು.

ಗೌರಿ ಕಿವಿ ಒದರಿ, ಇನ್ನಷ್ಟು ಕೆಳಗಿಳಿದು ಕಣ್ಣು ಮುಚ್ಚಿದಳು.