ಪಂಕ್ತಿಯ ಹಿರಿಯರು ನೆಲದಿಂದ ಏಳುವ ಬಗ್ಗೆ

ನೆಲದಿಂದ ಏಳುವಿಕೆ ವಿಭಾಗ, ಶಿವಮೊಗ್ಗ
ಸಂಖ್ಯೆ: ನೆ.ಏ.ವಿ/ಮಂಡಿ/42/2025-26

ಸುತ್ತೋಲೆ

ವಿಷಯ: ಹಿರಿಯರ ಸ್ನಾಯು ಸವೆತದಿಂದ ಊಟದ ಪಂಕ್ತಿ ಸ್ಥಗಿತಗೊಳ್ಳುವುದನ್ನು ತಡೆಯುವ ಕುರಿತು.
ಉಲ್ಲೇಖ: ಎರಡನೇ ಪಂಕ್ತಿಗೆ ಕಾದವರ ಸಾಮೂಹಿಕ ದೂರು (ಹಸಿದ ಕೈಬರಹದಲ್ಲಿ).

ಪ್ರಸ್ತಾವನೆ: ಭದ್ರಾವತಿ ಹಳೇನಗರದ ಉಪನಯನವೊಂದರಲ್ಲಿ ಮೊದಲ ಎಲೆಗೆ ಕುಳಿತ ನಿವೃತ್ತ ಸಂಸ್ಕೃತ ಶಿಕ್ಷಕ ಶ್ರೀನಿವಾಸಮೂರ್ತಿಯವರಿಗೆ (76) ಊಟವಾದ ಮೇಲೆ ಏಳಲಾಗಲಿಲ್ಲ. ಹಿರಿಯರು ಏಳುವ ಮುನ್ನ ಯಾರೂ ಏಳುವಂತಿಲ್ಲವಾದ್ದರಿಂದ ನಲವತ್ತೆರಡು ಮಂದಿ ಎಂಜಲು ಕೈ ಒಣಗಿಸಿಕೊಂಡು ಕುಳಿತರು. ತೊಡೆಯಲ್ಲಿ ಬಲವಿಲ್ಲವೆಂದು ಒಪ್ಪಿಕೊಂಡರೆ ಮೂರು ತಿಂಗಳ ನಂತರದ ಮೊಮ್ಮಗಳ ಮದುವೆಯಲ್ಲಿ ತಮ್ಮನ್ನು ಮೇಜು-ಕುರ್ಚಿಗೆ ವರ್ಗಾಯಿಸುತ್ತಾರೆಂದು ಹೆದರಿದ ಸದರಿಯವರು, “ಇನ್ನೊಂಚೂರು ಮಜ್ಜಿಗೆ ಬರ್ಲಿ” ಎಂದು ಏಳು ಬಾರಿ ಕೇಳಿ ಕಾಲಹರಣ ಮಾಡಿದ್ದು ದಾಖಲಾಗಿದೆ. ಎಂಟನೇ ಬಾರಿಗೆ ಸೊಸೆ ಮೀರಾ, “ಮಜ್ಜಿಗೆ ಮುಗೀತು ಮಾವ. ಈಗ ಏಳ್ತೀರೋ, ಹಾಲಿಗೆ ಹೆಪ್ಪು ಹಾಕ್ಲೋ?” ಎಂದು ಕೇಳಿದ್ದೂ ದಾಖಲಾಗಿದೆ.

ಆದ್ದರಿಂದ ಈ ಮೂಲಕ ಆದೇಶಿಸಿರುವುದೇನೆಂದರೆ:

1. ಅರವತ್ತೈದು ದಾಟಿದವರು ದಿನಕ್ಕೆರಡು ಸಲ, ಕೈ ಊರದೆ, ಕುರ್ಚಿಯಿಂದ ಹತ್ತು ಬಾರಿ ಏಳತಕ್ಕದ್ದು. “ಏಳ್ತೀನಿ ಮಾರಾಯ, ಏನವಸರ” ಎಂಬ ಹೇಳಿಕೆಯನ್ನು ಏಳುವಿಕೆಯೆಂದು ಪರಿಗಣಿಸಲಾಗದು.

2. ಏಳುವಾಗ “ರಾಮಾ” ಎನ್ನಲು ಒಮ್ಮೆ ಮಾತ್ರ ಅವಕಾಶವಿದೆ. ಸಹಸ್ರನಾಮಕ್ಕೆ ಪೂರ್ವಾನುಮತಿ ಅಗತ್ಯ.

3. ಕೋಸಂಬರಿಯನ್ನು ಎಲೆಯ ಅಲಂಕಾರವೆನ್ನದೆ ಆಹಾರವೆಂದು ಭಾವಿಸಿ ಸೌಟಿನಲ್ಲಿ ಬಡಿಸತಕ್ಕದ್ದು. ಸ್ನಾಯುಬಲಕ್ಕಾಗಿ ಹೆಸರುಕಾಳು, ಕಡಲೆ, ಮೊಸರು ಪ್ರತಿದಿನ ಇರತಕ್ಕದ್ದು. ಹೋಳಿಗೆಯಲ್ಲೂ ಬೇಳೆಯಿದೆ ಎಂಬ ಮೂರ್ತಿಯವರ ಮೇಲ್ಮನವಿಯನ್ನು, ಅವರ ಐದನೇ ಹೋಳಿಗೆಯ ನಂತರ, ವಜಾಗೊಳಿಸಲಾಗಿದೆ.

4. ಶಿವಮೊಗ್ಗದವರು ಗಾಂಧಿ ಬಜಾರಿನಿಂದ ಬೇಳೆ ಚೀಲವನ್ನು ತಾವೇ ಹೊತ್ತು ತರತಕ್ಕದ್ದು. ಚೀಲವನ್ನು ಆಟೋದಲ್ಲಿ ಕೂರಿಸಿ ಹಿಂದಿನಿಂದ ನಡೆದು ಬರುವುದು ನಿಯಮಬಾಹಿರ.

5. ಮೊದಲ ಎಲೆಯ ಆಕಾಂಕ್ಷಿಗಳು ಅಧಿಕಾರಿಯ ಸಮ್ಮುಖದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಎದ್ದು ತೋರಿಸತಕ್ಕದ್ದು. ಮೇಲಿನ ನಿಯಮಗಳನ್ನು ಪ್ರಾಯೋಗಿಕವಾಗಿ ಹತ್ತು ವಾರ ಪಾಲಿಸಿದ ಮೂರ್ತಿಯವರು ನಿನ್ನೆ, ಅರ್ಧ “ರಾಮಾ”ದಲ್ಲೇ, ಎದ್ದು ನಿಂತಿರುತ್ತಾರೆ.

ಸಹಿ/-
ಲಕ್ಷ್ಮೀಕಾಂತ
ಏಳುವಿಕೆ ಅಧಿಕಾರಿ
(ನೆಲದ ಮೇಲಿಂದ)

ಪ್ರತಿಗಳು:
1. ಎಲ್ಲ ಅಡುಗೆಯವರಿಗೆ: ಸೌಟು ಸಹಿತ ಕ್ರಮಕ್ಕಾಗಿ.
2. ಮೀರಾ ಅವರಿಗೆ: ಮಜ್ಜಿಗೆ ದಾಸ್ತಾನಿನ ಪರಿಶೀಲನೆಗಾಗಿ.
3. ಶ್ರೀನಿವಾಸಮೂರ್ತಿಯವರಿಗೆ: ಮದುವೆಯಲ್ಲಿ ಮೊದಲ ಎಲೆ ಮಂಜೂರಾಗಿದೆ. ನಿನ್ನೆ ತಮಗೆ ಕ್ರಮ ತೋರಿಸಲು ಕುಳಿತ ಅಧಿಕಾರಿಗಳು ಇನ್ನೂ ಎದ್ದಿರುವುದಿಲ್ಲ. ತಾವು ಕೂಡಲೇ ಬಂದು ಎಬ್ಬಿಸಿಕೊಡಲು ಕೋರಲಾಗಿದೆ. ಕಚೇರಿಯಲ್ಲಿ ಮಜ್ಜಿಗೆ ಮುಗಿದಿರುತ್ತದೆ.