ತಲೆಯೊಳಗಿನ ಸಾಲು

ಪಾರ್ಕಿನಿಂದ ಪೀಂ ಪೀಂ ಎಂದು ಸೀಟಿ ಕೇಳಿದರೆ ನೆರೈದಾಳಿಗೆ ಸಮಾಧಾನ. ಗಂಡ ಎವೆಲಿಯೊ ಅಜ್ಜ-ಅಜ್ಜಿಯರ ವ್ಯಾಯಾಮದ ಕೂಟದಲ್ಲಿ ಕೈಕಾಲು ಆಡಿಸುತ್ತಿದ್ದಾನೆ ಎಂದರ್ಥ. ಮೊನ್ನೆ ಅವನು ಬೀಗದ ಕೈಯನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಬೀದಿಯೆಲ್ಲ ಹುಡುಕಿದ್ದ. ಅಂದಿನಿಂದ ಅವಳಿಗೆ ಒಂದೇ ದಿಗಿಲು: ನಾಳೆ ತನ್ನನ್ನೇ "ನೀನ್ಯಾರಮ್ಮ?" ಎಂದುಬಿಟ್ಟರೆ?

"ಮೈ ಓಡಾಡಲಿ, ಎದ್ದರೆ ಮಾಡೋಕೆ ಒಂದು ಕೆಲಸ ಇರಲಿ" ಎಂದಿದ್ದಳು ವೈದ್ಯೆ. ನೆರೈದಾ ಮೊದಲರ್ಧವನ್ನು ಶಿರಸಾವಹಿಸಿ, ಅವನಿಗಿದ್ದ ಏಕಮಾತ್ರ ಕೆಲಸವಾದ ಬ್ರೆಡ್ಡಿನ ಸಾಲನ್ನು ತಾನೇ ವಹಿಸಿಕೊಂಡಳು. (ವೈದ್ಯರ ಮಾತನ್ನು ಹೆಂಡತಿಯರು ಅರ್ಧ ಕೇಳುತ್ತಾರೆ, ಗಂಡಂದಿರು ಅಷ್ಟೂ ಕೇಳುವುದಿಲ್ಲ.)

ಕ್ಯೂಬಾದ ಸಾಲು ಕಣ್ಣಿಗೆ ಕಾಣುವಂಥದ್ದಲ್ಲ. ಬಂದವರು "ಕೊನೆಯವರು ಯಾರು?" ಎಂದು ಕೂಗಬೇಕು. "ನಾನು" ಎಂದವರ ಮುಖ ನೆನಪಿಟ್ಟುಕೊಂಡು, ಎಲ್ಲಾದರೂ ನೆರಳಲ್ಲಿ ಕೂತರಾಯಿತು. ದೂರ ಹೋಗುವುದಾದರೆ ಮಾತ್ರ ಹಿಂದಿನವರಿಗೆ ಹೇಳಿ ಹೋಗಬೇಕು. ಇಡೀ ಸಾಲು ಇರುವುದು ತಲೆಯೊಳಗೆ.

ಅಂದು ನೆರೈದಾ ಕೂಗಿದಳು, ಮುಖವನ್ನೂ ನೋಡಿದಳು. ಅಷ್ಟರಲ್ಲಿ ಒಲೆಯ ಮೇಲಿನ ಕಪ್ಪು ಬೀನ್ಸ್ ನೆನಪಾಗಿ ಮನೆಗೆ ಓಡಿದಳು. ಮರಳುವಷ್ಟರಲ್ಲಿ ಬ್ರೆಡ್ಡಿನ ಅಂಗಡಿ ತೆರೆದಿತ್ತು. ತಾನು ಯಾರ ಹಿಂದೆ ಎಂಬುದು ಮಾತ್ರ ಹಾರಿಹೋಗಿತ್ತು.

"ನಾನು ಈ ಹಸಿರು ಅಂಗಿಯವಳ ಹಿಂದೆ!"

"ನಿನ್ನ ಮುಖಾನೇ ನೋಡಿಲ್ಲ, ತಾಯಿ."

"ಹಾಗಾದ್ರೆ ಆ ಗಡ್ಡದವನ ಹಿಂದೆ!"

"ಊರಲ್ಲಿರೋರ ಹಿಂದೆಲ್ಲ ನೀನೇನಾ?" ಎಂದ ಗಡ್ಡದವನು. ಗಲಾಟೆಗೆ ಕಾವೇರಿತು.

ಎದುರಿನ ಪಾರ್ಕಿನಲ್ಲಿ ವ್ಯಾಯಾಮ ಕಲಿಸುವ ಯಾನೆಲಿಸ್ ಕೂಗುತ್ತಿದ್ದಳು: "ತಾತಾ, ಕುತ್ತಿಗೆ ಈ ಕಡೆ! ದಿನಾ ಆ ಸಾಲನ್ನೇ ನೋಡ್ತೀರಲ್ಲ!"

ತಾತ ಆಗಲೇ ಬೀದಿ ದಾಟಿ ಬಂದಿದ್ದ.

"ಮೊದಲು ಕುಂಟ ಒಸ್ವಾಲ್ದೊ. ಆಮೇಲೆ ಹಸಿರು ಅಂಗಿ. ಅವಳ ಹಿಂದೆ ನಾಯಿ ತಂದಿದ್ದ ಅಮ್ಮ. ನಾಯೀನ ಮನೇಲಿ ಬಿಟ್ಟು ಬಂದಿದ್ದಾಳೆ. ಆಮೇಲೆ ಗಡ್ಡ..." ಎವೆಲಿಯೊ ಬೆರಳು ತೋರಿಸಿದಂತೆಲ್ಲ ಜನ ತಲೆಯಾಡಿಸುತ್ತ ಸಾಲಾದರು.

"ಮತ್ತೆ ನಾನು?"

"ಗಡ್ಡದ ಹಿಂದೆ ಇದ್ದೆ. ಹಿಂದಿನವರಿಗೆ ಒಂದು ಮಾತೂ ಹೇಳದೆ ಓಡಿದೆ. ಈಗ ನೀನೇ ಕೊನೆ."

"ನಾನು ನಿನ್ನ ಹೆಂಡತಿ ಕಣಯ್ಯಾ!"

"ಅದು ಚೆನ್ನಾಗಿ ನೆನಪಿದೆ. ಅದಕ್ಕೇ ಮೆಲ್ಲಗೆ ಹೇಳಿದ್ದು."

ಸರಿಯಾಗಿ ಅವಳ ಸರದಿಗೆ ಬ್ರೆಡ್ಡು ಮುಗಿಯಿತು. ಖಾಲಿ ಚೀಲ ಹಿಡಿದು ನಿಂತ ನೆರೈದಾಳಿಗೆ ಸಿಟ್ಟು ಬರಬೇಕಿತ್ತು; ಬಂದದ್ದು ಕಣ್ಣೀರು, ಅದೂ ನೆಮ್ಮದಿಯದು. ಅದನ್ನು ಅವಳು ಯಾರಿಗೂ ಕಾಣಗೊಡಲಿಲ್ಲ.

"ನಾಳೆಯಿಂದ ಸಾಲಿಗೆ ನೀನೇ ಬಾ," ಎಂದಳು ಗಂಟಲು ಗಡುಸು ಮಾಡಿಕೊಂಡು.

ತಾತನನ್ನು ಹುಡುಕಿಕೊಂಡು ಬಂದಿದ್ದ ಯಾನೆಲಿಸ್ ಮೃದುವಾಗಿ ಅವಳ ತೋಳು ಹಿಡಿದಳು. "ಹಾಗಾದ್ರೆ ವ್ಯಾಯಾಮಕ್ಕೆ ಅವರ ಬದಲು ನೀವು ಬನ್ನಿ ಅಜ್ಜಿ. ಮರೆವಿಗೆ ತುಂಬಾ ಒಳ್ಳೇದು."

"ಮರೆವಾ? ನನಗಾ? ಎವೆಲಿಯೊ, ಹೇಳು ಇವಳಿಗೆ! ನಾನು ಯಾವತ್ತಾದ್ರೂ..."

ಮೂಲೆಯ ಗ್ಯಾಸ್ ಅಂಗಡಿಯಿಂದ ಯಾರೋ ಕೂಗಿದರು: "ಎವೆಲಿಯೊ, ಸ್ವಲ್ಪ ಬಾರಪ್ಪಾ, ಇಲ್ಲೂ ಜಗಳ ಹತ್ತಿದೆ!"

ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಟೇಬಿಟ್ಟ.