ಸಿಸ್ಟಮ್‌ನಲ್ಲಿ ಮಾತ್ರ ಜ್ವರ

ಕಾಯಿಲೆ ಬೀಳುವುದಕ್ಕೆ ನನಗೆ ಯಾರ ಅನುಮತಿಯೂ ಬೇಕಾಗಲಿಲ್ಲ, ವಾಸಿಯಾಗುವುದಕ್ಕೆ ಬೇಕಾಯಿತು. ಹಿಂದೆಲ್ಲ ಹೀಗಿರಲಿಲ್ಲ. ಜ್ವರ ಬಿಟ್ಟವನು ಮಫ್ಲರ್ ಸುತ್ತಿಕೊಂಡು ಆಫೀಸಿಗೆ ಹೋಗಿ, ಎಲ್ಲರಿಗೂ ಕೇಳುವಂತೆ ಒಮ್ಮೆ ಕೆಮ್ಮಿ, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದರೆ ಮುಗಿಯಿತು, ಅವನು ಆರೋಗ್ಯವಂತ. ಈಗ ನಮ್ಮಲ್ಲಿ ರಜೆ, ಹಾಜರಿ ಎಲ್ಲವೂ ಆನ್‌ಲೈನ್.

ಎಡವಟ್ಟು ಶುರುವಾದದ್ದು ಪುಣೆಯ ಬಿಬವೇವಾಡಿಯ ನಮ್ಮ ಮನೆಯ ಹಾಸಿಗೆಯಲ್ಲೇ. ಕಂಬಳಿ ಹೊದ್ದು ಮೊಬೈಲಿನಲ್ಲಿ ಕಾಯಿಲೆ ರಜೆಯ ಅರ್ಜಿ ತುಂಬುತ್ತಿದ್ದೆ. 'ಎಂದಿನಿಂದ' ಎಂಬಲ್ಲಿ ತಾರೀಖು ಹಾಕಿದ್ದಾಯಿತು. 'ಎಂದಿನವರೆಗೆ' ಎಂಬಲ್ಲಿಗೆ ಬರುವಷ್ಟರಲ್ಲಿ ಕಷಾಯ ಹಿಡಿದು ಬಂದ ಹೆಂಡತಿ ಸುಮಿತ್ರಾ ತಡೆದಳು. "ಅಲ್ರೀ, ಇಂಥಾ ದಿನ ಆರಾಮ ಆಗ್ತೀನಿ ಅಂತ ಮೊದಲ ಬರದು ಇಡ್ತಾರೇನು? ದೃಷ್ಟಿ ಆಗ್ತದ. ಖಾಲಿ ಬಿಡ್ರಿ." ವಿಜಯಪುರ ಬಿಟ್ಟು ಪುಣೆಗೆ ಬಂದು ಎಷ್ಟೋ ವರ್ಷವಾದರೂ ಅವಳು ದೃಷ್ಟಿಯನ್ನು ಅಲ್ಲೇ ಬಿಟ್ಟು ಬಂದಿಲ್ಲ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ಜ್ವರ ಬಂದಾಗ ನಂಬುತ್ತೇನೆ. ಖಾಲಿ ಬಿಟ್ಟೆ. ಸಾಲದ್ದಕ್ಕೆ, ಜ್ವರ ಇಳಿದರೆ ಇಬ್ಬರೂ, ಭಕ್ತರು ವರ್ಷವರ್ಷವೂ ಕಾಲ್ನಡಿಗೆಯಲ್ಲಿ ವಿಠ್ಠಲನ ಕ್ಷೇತ್ರಕ್ಕೆ ಒಯ್ಯುವ ಪಾಲಖಿಯ, ಅಂದರೆ ಪಲ್ಲಕ್ಕಿಯ ಜೊತೆ, ಇಡೀ ದಿನದ ದಾರಿಯ ಸಾಸವಡದವರೆಗೆ ನಡೆಯುತ್ತೇವೆಂದು ಅವಳು ವಿಠ್ಠಲನಿಗೆ ಹರಕೆಯನ್ನೂ ಹೊತ್ತಳು. ನನ್ನ ಕಾಲುಗಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಜ್ವರವೇನೋ ಇಳಿಯಿತು. ಆಫೀಸಿಗೆ ಹೋಗಿ ಹಾಜರಿ ಯಂತ್ರಕ್ಕೆ ಬೆರಳು ಒತ್ತಿದರೆ ಕೆಂಪು ದೀಪ. ಸಿಬ್ಬಂದಿ ವಿಭಾಗದ ಜೋಶಿ ಮೇಡಂ ಪರದೆ ನೋಡಿ ನಿಟ್ಟುಸಿರಿಟ್ಟರು. "ಸಿಸ್ಟಮ್‌ಮಧ್ಯೇ ತುಮ್ಹೀ ಅಜೂನ್ ಆಜಾರೀಚ್ ಆಹಾತ್!" ಸಿಸ್ಟಮ್‌ನ ಪ್ರಕಾರ ನಾನಿನ್ನೂ ಕಾಯಿಲೆಯವನೇ. ಕೊನೆಯ ತಾರೀಖಿಲ್ಲದ ಕಾಯಿಲೆಯನ್ನು ಮುಗಿಸುವ ಅಧಿಕಾರ ಪುಣೆಯಲ್ಲಿ ಯಾರಿಗೂ ಇಲ್ಲವಂತೆ, ಮುಂಬೈಯ ಹೆಡ್ ಆಫೀಸಿಗೆ ಬರೆಯಬೇಕಂತೆ. ಬರೆದರು. ಅಲ್ಲಿಂದ ಉತ್ತರ ಬರುವತನಕ ನಾನು ಬೆಳಗಿನಿಂದ ಸಂಜೆಯವರೆಗೆ ಬೆವರು ಸುರಿಸಿ ದುಡಿಯುತ್ತಿದ್ದೆ, ಸಿಸ್ಟಮ್ ನನ್ನ ಕಾಯಿಲೆ ರಜೆಯನ್ನು ದಿನಕ್ಕೊಂದರಂತೆ ನುಂಗುತ್ತಿತ್ತು. ಸಹೋದ್ಯೋಗಿಗಳು ಚಹಾಕ್ಕೆ ಕರೆಯುವಾಗಲೂ "ಪೇಷಂಟ್, ಚಲಾ" ಎನ್ನತೊಡಗಿದರು.

ಅಷ್ಟರಲ್ಲಿ ಪಾಲಖಿ ಪುಣೆಗೆ ಬಂತು. ಹರಕೆಗೆಂದು ಒಂದು ದಿನದ ರಜೆ ಕೇಳಿದರೆ ಸಿಸ್ಟಮ್ ತಿರಸ್ಕರಿಸಿತು: ನೀವು ಈಗಾಗಲೇ ರಜೆಯಲ್ಲಿದ್ದೀರಿ. ಜೋಶಿ ಮೇಡಂ ನಕ್ಕು, "ಹೋಗಿ ಬನ್ನಿ. ನೀವು ಆಫೀಸಿಗೆ ಬಂದೇ ಇಲ್ಲವಲ್ಲ!" ಎಂದು ಮರಾಠಿಯಲ್ಲಿ ಆಶೀರ್ವದಿಸಿದರು. ಹೀಗೆ ನಾನು ಅಧಿಕೃತವಾಗಿ ಹಾಸಿಗೆ ಹಿಡಿದವನಾಗಿ ಸಾಸವಡದ ದಾರಿಯ ದಿವೆ ಘಾಟ್ ಹತ್ತಿದೆ. ಮೊಬೈಲ್ ಎತ್ತಿ ಫೋಟೊ ತೆಗೆಯುವವರನ್ನು ಕಂಡರೆ ಸಾಕು, ಉತ್ತರೀಯ ಮೂಗಿನವರೆಗೆ ಏರುತ್ತಿತ್ತು. "ದೇವರ ಕಡೆ ಹೊಂಟೀರಿ, ಕಳ್ಳರಂಗ ಮಾರಿ ಯಾಕ ಮುಚ್ಚಗೋತೀರಿ?" ಎಂದು ಸುಮಿತ್ರಾ ಗದರಿದಳು. ನಾನು ಉತ್ತರೀಯವನ್ನು ಇನ್ನಷ್ಟು ಬಿಗಿದು ಏದುಸಿರು ಬಿಡುತ್ತ ಹತ್ತಿದೆ.

ಸಾಸವಡ ಮುಟ್ಟಿ ರಾತ್ರಿ ಬಸ್ಸಿನಲ್ಲಿ ಮನೆಗೆ ಮರಳಿದೆವು. ಮರುದಿನ ಬೆಳಿಗ್ಗೆ ಏಳಲು ಹೋದರೆ ಕಾಲುಗಳು ನನ್ನವೇ ಅಲ್ಲ. ಪಾದ ಊದಿ ಚಪ್ಪಲಿ ಹಿಡಿಸುತ್ತಿಲ್ಲ, ಮೈಯೆಲ್ಲ ಕಾದಿದೆ. ಅಮ್ಮಾ ಎಂದು ನರಳುತ್ತಿರುವಾಗಲೇ ಮೊಬೈಲ್ ಟಿಣ್ ಎಂದಿತು. 'ಅಭಿನಂದನೆಗಳು. ನೀವು ಗುಣಮುಖರಾಗಿದ್ದೀರಿ. ಇಂದಿನಿಂದ ಕರ್ತವ್ಯಕ್ಕೆ ಹಾಜರಾಗಿ. ಉಳಿದಿರುವ ಕಾಯಿಲೆ ರಜೆ: ಸೊನ್ನೆ.'

ಸುಮಿತ್ರಾ ಕೈಮುಗಿದಳು. "ನೋಡ್ರಿ, ಹರಕಿ ಮುಟ್ಟಿತು! ನಿಮ್ಮ ಮುಂಬೈದವರ ಕೈಲೆ ಆಗದ್ದು ಪಾಂಡುರಂಗ ಒಂದ ದಿನದಾಗ ಮಾಡಿದ. ಏಳ್ರಿ, ಏಳ್ರಿ, ಆರಾಮ ಆಗೀರಿ."

ದೇವರೂ ಸಿಸ್ಟಮ್ಮೂ ಹೆಂಡತಿಯೂ ಒಂದೇ ಮಾತು ಹೇಳಿದ ಮೇಲೆ ನನ್ನ ಕಾಲುಗಳ ಮಾತನ್ನು ಕೇಳುವವರು ಯಾರು? ಆರೋಗ್ಯವಾಗಿದ್ದಾಗಲೇ ಕಾಯಿಲೆ ರಜೆಯನ್ನೆಲ್ಲ ಖರ್ಚು ಮಾಡಿದ ಜಾಣ ನಾನು. ಗೋಡೆ ಹಿಡಿದುಕೊಂಡು ಆಫೀಸು ತಲುಪಿ, ಬಾಗಿಲಿಗೆ ಒರಗಿ, ಕಾದ ಬೆರಳನ್ನು ಯಂತ್ರದ ಮೇಲೆ ಇಟ್ಟೆ. ಹಸಿರು ದೀಪ ಹತ್ತಿತು.